ಹುಳಿ ಬಂದ ದ್ರಾಕ್ಷಾರಸ

ಆ ಈಸ್ಟರ್ ಭಾನುವಾರವೂ ಎಲ್ಲ ದಿನಗಳ ಹಾಗೆ ಪಾವು ರೊಟ್ಟಿ ಮಾರುವವನ ಹಾರ್ನಿನಿಂದಲೇ ಶುರುವಾಯಿತು. ಗೋವಾದ ವಾಸ್ಕೋದಲ್ಲಿ ನಾವಿದ್ದ ಮಂಗೋರ್ ಹಿಲ್ಲಿನ ಏರಿಗೆ ಬಂದ ಕೂಡಲೇ ಅವನು ಸೈಕಲ್ಲಿನಿಂದ ಇಳಿದು ತಳ್ಳುತ್ತಿದ್ದ. ಹಾಗಾಗಿ ಹಾರ್ನು ಬಹಳ ಹೊತ್ತು ಕೆಳಗೇ ಕೂಗಿ, ಆಮೇಲೆ ಒಮ್ಮೆಲೇ ನಮ್ಮ ಬಾಗಿಲಲ್ಲಿ ಕೂಗುತ್ತಿತ್ತು. ಅಷ್ಟರಲ್ಲಿ ನಾನು ನಲ್ಲಿಯ ನೀರು ತುಂಬಿ ಮುಗಿಸಿರುತ್ತಿದ್ದೆ. ಬಿಸಿ ಪಾವನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಒದ್ದೆ ಅರಿವೆಯಿಂದ ಕಿಟಕಿಯ ಅಂಚು ಒರೆಸುತ್ತಿದ್ದೆ. ಬಂದರಿನಲ್ಲಿ ಅದಿರು ತುಂಬುವ ಊರು ಅದು. ಬೆಳಿಗ್ಗೆ ಒರೆಸಿದ ಕಿಟಕಿ ಸಂಜೆಗೆ ಮತ್ತೆ ಕುಂಕುಮ ಉದುರಿಸಿದ ಹಾಗೆ ಕೆಂಪಾಗಿರುತ್ತಿತ್ತು. ಆದರೂ ದಿನಾ ಒರೆಸುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದರಲ್ಲಿ ಇದೊಂದು ನನ್ನ ಕೈಗೆ ಅಂಟಿಕೊಂಡೇ ಉಳಿದಿದೆ.

ಇವರು ಹಿತ್ತಿಲ ಬಾಗಿಲಿನ ಮೊಳೆಗೆ ಕನ್ನಡಿ ತೂಗುಹಾಕಿ ಗಡ್ಡ ಮಾಡಿಕೊಂಡರು. ಚಹಾ ಕುಡಿದ ಲೋಟವನ್ನು ತಾವೇ ತೊಳೆದು ಬೋರಲು ಹಾಕಿದರು. ಚಪ್ಪಲಿ ಮೆಟ್ಟಿ, ಹೊಸ್ತಿಲ ಮೇಲೆ ನಿಂತು, ಬಲಗೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ, ದಿನಾ ಹೇಳುವ ಮಾತನ್ನೇ ಹೇಳಿದರು: "ಇವತ್ತು, ಕರ್ತನೇ." ಅವರ ಪ್ರಾರ್ಥನೆ ಅಷ್ಟೇ. ನಮ್ಮ ಕ್ರೈಸ್ತ ಸಭೆ ಪ್ರಾರ್ಥನೆಗೆ ಕೂಡುವ ಹಾಲ್‌ನ ಬೀಗ ತೆಗೆದು ಕಸ ಗುಡಿಸುವುದು ಅವರು ತಾವಾಗಿ ವಹಿಸಿಕೊಂಡ ಕೆಲಸವಾದ್ದರಿಂದ ನನಗಿಂತ ಮುಂಚೆ ಹೊರಟರು.

ಆ ದಿನ ಬೇರೆಯಾಗಿದ್ದದ್ದು ಒಂದೇ. ಅಡುಗೆಮನೆಯ ಮೂಲೆಯಲ್ಲಿ ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿ, ಅದರ ಬಾಯಿಗೆ ಕಟ್ಟಿದ ಬಿಳಿ ಮಲ್‌ಬಟ್ಟೆ, ಒಳಗೆ ನಾನು ಮಾಡಿದ ದ್ರಾಕ್ಷಾರಸ. ಬಟ್ಟೆ ನಡುವೆ ಸ್ವಲ್ಪ ಉಬ್ಬಿ ಸಣ್ಣ ಟೊಪ್ಪಿಗೆಯ ಹಾಗೆ ನಿಂತಿತ್ತು. ಬೆರಳಿನಿಂದ ತಟ್ಟಿದೆ, ಇಳಿಯಿತು. ಗಾಳಿ ಇರಬೇಕು ಅಂದುಕೊಂಡು ಭರಣಿಯನ್ನೂ ಸುತ್ತಿಟ್ಟ ಪಾವನ್ನೂ ಚೀಲದಲ್ಲಿಟ್ಟುಕೊಂಡೆ.

ಇದೆಲ್ಲ ಈಗ ನೆನಪಾಗಲು ಕಾರಣ ಗೋಡಂಬಿ ಹಣ್ಣು. ಹೋದ ವಾರ ಮಗಳು ನಿರ್ಮಲಾಳ ಗೆಳತಿಯೊಬ್ಬಳು ಕಾರವಾರದಿಂದ ಬರುವಾಗ ಒಂದು ಚೀಲ ಹಣ್ಣು ತಂದುಕೊಟ್ಟಳು. ಧಾರವಾಡದಲ್ಲಿ ಅದನ್ನು ತಿನ್ನುವವರು ಕಡಿಮೆ, ಹಾಗೇ ಬುಟ್ಟಿಯಲ್ಲಿಟ್ಟು ಮರೆತೆ. ಸಂಜೆ ಅಡುಗೆಮನೆಗೆ ಕಾಲಿಟ್ಟರೆ ಆ ವಾಸನೆ, ಸಿಹಿ, ಒಗರು, ಅದರ ಹಿಂದೆಯೇ ಸಾರಾಯಿಯ ಒಂದು ಎಳೆ. ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಇವರು ಹೋಗಿ ವರ್ಷಗಳಾದವು. ಹಣ್ಣು ಎಸೆದುಬಿಡು ಎಂದು ಹೇಳುವವರು ಈಗ ಮನೆಯಲ್ಲಿ ಇಲ್ಲ.

ನಾವು ವಾಸ್ಕೋಗೆ ಹೋದದ್ದು ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಕ್ರಿಸ್ಮಸ್ ಆದ ಮೇಲೆ. ಇಬ್ಬರದೂ ಬೆಟಗೇರಿಯ ಮಿಷನ್ ಕಾಂಪೌಂಡಿನ ಮನೆತನ. ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದೆವು, ಹುಬ್ಬಳ್ಳಿಯಲ್ಲೇ ಇವರ ಕುಡಿತ ದೊಡ್ಡದಾಯಿತು. ಅದನ್ನು ವಿವರಿಸಿ ಬರೆಯುವುದಿಲ್ಲ. ಅಂಥ ಮನೆಯಲ್ಲಿ ಇದ್ದವರಿಗೆ ಗೊತ್ತು, ಇಲ್ಲದವರಿಗೆ ಬೇಡ. ಕೊನೆಗೆ ಹೊಟ್ಟೆ ಊದಿ ಆಸ್ಪತ್ರೆ ಸೇರಿದಾಗ, ಪಕ್ಕದ ಹಾಸಿಗೆಯ ರೋಗಿಗಾಗಿ ಪ್ರಾರ್ಥಿಸಲು ಬಂದ ಮುದುಕರೊಬ್ಬರು ಇವರ ಕಡೆ ತಿರುಗಿ, ಜೀವಮಾನದ ಮಾತು ಬೇಡ, ಇವತ್ತೊಂದು ದಿನ ಕರ್ತನಿಗೆ ಕೊಡಲಿಕ್ಕೆ ಆಗುತ್ತದೆಯೇ ಎಂದು ಕೇಳಿದರಂತೆ. ಇವರು ಕೊಡುತ್ತೇನೆ ಅಂದರು. ಮರುದಿನ ಆ ಮುದುಕರು ಬರಲಿಲ್ಲ, ಆದರೂ ಇವರು ಮತ್ತೆ ಅದನ್ನೇ ಅಂದರು. ಹಾಗೆ ಆ ಒಂದು ಮಾತು ನಮ್ಮ ಮನೆಗೆ ಬಂತು.

ಬಿಟ್ಟ ಮೇಲಿನ ಕಷ್ಟ ಬೇರೆಯೇ. ಮನೆಗೆ ಬಂದವರು ಇವರ ಮುಖದ ಹತ್ತಿರ ಬಗ್ಗಿ ಮಾತಾಡುತ್ತಿದ್ದರು. ಕುಶಲ ಕೇಳುವ ನೆಪ, ಮೂಗಿನ ಕೆಲಸ. ಅತ್ತೆ ಹಾಗೆ ಮಾಡುತ್ತಿದ್ದರು, ನಮ್ಮ ಅಣ್ಣ ಮಾಡುತ್ತಿದ್ದ, ನಾನೂ ಮಾಡುತ್ತಿದ್ದೆ. ಗೋವಾದಲ್ಲಿ ಅದಿರು ಸಾಗಿಸುವ ಕಂಪನಿಯೊಂದರಲ್ಲಿ ಗುಮಾಸ್ತನ ಕೆಲಸವಿದೆ ಎಂದು ಗೊತ್ತಾದಾಗ ಇಡೀ ಬಳಗ ನಕ್ಕಿತು. ಕುಡಿತ ಬಿಟ್ಟವನು ಹೋಗಿ ಹೋಗಿ ಓಣಿಗೊಂದು ಬಾರ್ ಇರುವ ಊರಿಗೆ ಹೋಗುವುದೇ? ಇವರು ನನ್ನೊಬ್ಬಳಿಗೇ ಹೇಳಿದರು: "ಅಲ್ಲೆ ಬಾಟ್ಲಿ ಕಣ್ಣಿಗಿ ಕಾಣ್ತಾವು, ತಪ್ಪಿಸ್ಕೊಂಡು ನಡೀಬಹುದು. ಆದ್ರ ಅಲ್ಲೆ ಯಾರೂ ನನ್ನ ಮೂಸಿ ನೋಡೂದಿಲ್ಲ. ಹೌದಿಲ್ಲೋ? ಯಾರಿಗೂ ಹೇಳಬ್ಯಾಡ. ಇಷ್ಟು ನಡೆಸಿಕೊಡು." ಆಗಲಿ ಅಂದೆ. ಅಂದಾಗ ಅದು ಎಷ್ಟು ದೊಡ್ಡ ಮಾತೆಂದು ನನಗೆ ತಿಳಿದಿರಲಿಲ್ಲ. ಯಾರಿಗೂ ಹೇಳಬಾರದು ಅಂದರೆ ಯಾರೊಂದಿಗೂ ಮಾತಾಡಬಾರದು ಅಂತಲೇ ಅರ್ಥ.

ನಿರ್ಮಲಾಳ ಶಾಲೆ ನಡುವೆ ಬಿಡಿಸಬಾರದೆಂದು ಅವಳನ್ನು ಧಾರವಾಡದಲ್ಲಿ ನನ್ನ ತಾಯಿಯ ಹತ್ತಿರ ಬಿಟ್ಟು ಬಂದಿದ್ದೆವು. ಮಂಗೋರ್ ಹಿಲ್ಲಿನಲ್ಲಿ ಕನ್ನಡಕ್ಕೆ ಬರವಿರಲಿಲ್ಲ. ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ತರಕಾರಿ ಬುಟ್ಟಿಯ ಮುಂದೆ ವಿಜಾಪುರ, ಬಾಗಲಕೋಟೆಯ ಮಾತೇ ಕೇಳುತ್ತಿತ್ತು. ನಮ್ಮ ಹಿತ್ತಿಲಿಗೆ ಹಿತ್ತಿಲು ಹಚ್ಚಿದ ಮನೆ ನೀಲವ್ವನದು. ಗಂಡ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ, ಕೂಲಿ ಸಿಕ್ಕ ದಿನ ಕುಡಿದು ಬಂದು ಇಡೀ ಓಣಿಗೆ ಕೇಳುವ ಹಾಗೆ ಬೈಯುತ್ತಿದ್ದ. ಮರುದಿನ ನೀಲವ್ವ ನಗುತ್ತಲೇ ಬಟ್ಟೆ ಒಣಹಾಕಲು ಬರುತ್ತಿದ್ದಳು. ಮೊದಲ ಸಲ ಮಾತಾಡಿದಾಗ ನಾವು ಕ್ರಿಶ್ಚನ್ನರೆಂದು ತಿಳಿದು, "ಹಂಗಾರ ನಿಮ್ಮ ಮನ್ಯಾಗ ಕುಡಿಯೂದು ತಪ್ಪಲ್ಲ ಬಿಡ್ರಿ ಅಕ್ಕಾರ. ದೇವರ ಮುಂದನ ಕುಡೀತಾರಂತಲ್ಲ" ಅಂದಳು. ಕೆಡುಕು ಬಯಸಿ ಆಡಿದ ಮಾತಲ್ಲ ಅದು, ಅವಳಿಗೆ ತಿಳಿದದ್ದು ಹಾಗೆ. ಇಲ್ಲ ಎಂದು ವಿವರಿಸಹೋದರೆ ಉಳಿದದ್ದನ್ನೂ ವಿವರಿಸಬೇಕಾಗುತ್ತಿತ್ತು. ನಕ್ಕು ಒಳಗೆ ಬಂದೆ.

ಮನೆಯ ಮಾಲಕಿ ಫಿಲೂಬಾಯಿ ಗೋವಾದವರೇ, ನಮ್ಮ ಹಾಗೆ ಪ್ರಾಟೆಸ್ಟಂಟರಲ್ಲ, ಕ್ಯಾಥೊಲಿಕರು. ಬಾಡಿಗೆದಾರರಿಂದ ಕಲಿತ ಕನ್ನಡವನ್ನು ಕೊಂಕಣಿಯ ರಾಗದಲ್ಲಿ ಆಡುತ್ತಿದ್ದರು. ಅವರದು ಇನ್ನೊಂದು ಥರದ ಅಚ್ಚರಿ. ನಾವು ಬಂದ ಮೊದಲ ವಾರವೇ ಇವರಿಗೊಂದು ಪುಟ್ಟ ಗ್ಲಾಸಿನಲ್ಲಿ ಗೋಡಂಬಿ ಹಣ್ಣಿನ ಸಾರಾಯಿ, ಫೆನಿ, ಹಿಡಿದು ಬಂದು, ಇವರು ಕೈ ಮುಗಿದು ಬೇಡ ಎಂದಾಗ, ಕ್ರಿಸ್ತಾಂವ ಆಗಿ ಕುಡಿಯುವುದಿಲ್ಲವೇ ಎಂದು ಗ್ಲಾಸನ್ನೂ ಇವರನ್ನೂ ಒಂದೊಂದು ಸಲ ನೋಡಿದರು. ಹೀಗೆ ಒಂದು ಕಡೆ ಕನ್ನಡದವರು, ಇನ್ನೊಂದು ಕಡೆ ಕ್ರಿಶ್ಚನ್ನರು, ಎರಡೂ ನಮ್ಮವೇ. ಎರಡು ಕಡೆಯೂ ನಮಗೆ ಕುಳಿತುಕೊಳ್ಳುವಷ್ಟು ಜಾಗ ಇರಲಿಲ್ಲ.

ಮನೆಯೊಳಗೆ ಮೌನ. ಇದನ್ನು ಬರೆಯಲು ಸಂಕೋಚವಾಗುತ್ತದೆ. ಇವರು ಕುಡಿಯುತ್ತಿದ್ದಾಗ ಮಾತಾಡುತ್ತಿದ್ದರು, ಹಾಡುತ್ತಿದ್ದರು. ಬೆಟಗೇರಿಯ ಸಭೆಯಲ್ಲಿ ಚಿಕ್ಕಂದಿನಿಂದ ಕೀರ್ತನೆ ಹಾಡಿದ ಕಂಠ ಅದು. ಹುಬ್ಬಳ್ಳಿಯಲ್ಲಿ ಅದು ಕುಡಿದಾಗ ಮಾತ್ರ ಹೊರಗೆ ಬರುತ್ತಿತ್ತು. ಬಿಟ್ಟ ಮೇಲೆ ಎರಡೂ ನಿಂತವು. ಆಫೀಸಿನಿಂದ ಬಂದು, ಕೈಕಾಲು ತೊಳೆದು, ತುಟಿ ಅಲುಗಿಸುತ್ತ ಬೈಬಲಿನ ವಾಕ್ಯ ಓದಿ, ಊಟ ಮಾಡಿ ಮಲಗುತ್ತಿದ್ದರು. ಸಭೆಯಲ್ಲಿ ಎಲ್ಲರೂ ಹಾಡುವಾಗಲೂ ಬಾಯಿ ತೆರೆಯುತ್ತಿರಲಿಲ್ಲ. ಪೇಟೆಯ ದಾರಿಯಲ್ಲಿ ಬಾರುಗಳಿವೆಯೆಂದು ಗುಡ್ಡ ಬಳಸಿ ಮೆಟ್ಟಿಲಿನ ದಾರಿಯಿಂದ ಬರುತ್ತಿದ್ದರು. ಅವರ ಒಳಗೆ ಎಂಥ ಕುಸ್ತಿ ನಡೆದಿದೆಯೆಂದು ನನಗೆ ಗೊತ್ತಿತ್ತು, ಅದಕ್ಕೇ ಮಾತಿಗೆ ಎಳೆಯುತ್ತಿರಲಿಲ್ಲ. ಆದರೆ ಒಬ್ಬಳೇ ಕುಳಿತು ಅವರೆಕಾಯಿ ಸುಲಿಯುವಾಗ, ಕುಡುಕ ಗಂಡನ ಜೊತೆ ಇದ್ದಾಗ ಅತ್ತರೆ ಬಂದು ಕೂರುವವರಾದರೂ ಇದ್ದರಲ್ಲ ಅನಿಸುತ್ತಿತ್ತು. ಕುಡಿಯದ ಗಂಡನ ಹೆಂಡತಿ ಯಾಕೆ ಅಳುತ್ತಾಳೆಂದು ಯಾರು ಕೇಳುತ್ತಾರೆ?

ನಮಗೆ ಉಳಿದದ್ದು ಕನ್ನಡ ಸಭೆ. ರೈಲ್ವೆ, ಬಂದರು, ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ದುಡಿಯುವ ಕೆಲವು ಕುಟುಂಬಗಳು ಬಾಡಿಗೆಯ ಹಾಲ್‌ನಲ್ಲಿ ಕೂಡುತ್ತಿದ್ದವು. ಸಭಾಪಾಲಕರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು, ಕಡಿಮೆ ಮಾತಿನ ವಯಸ್ಸಾದ ಮನುಷ್ಯ. ಅಲ್ಲಿ ತಿಂಗಳ ಮೊದಲ ಭಾನುವಾರ, ಮತ್ತೆ ಈಸ್ಟರಿನಂಥ ಹಬ್ಬಕ್ಕೆ, ಯೇಸುವಿನ ಕೊನೆಯ ಊಟದ ನೆನಪಿಗೆ ಕರ್ತನ ಭೋಜನ. ರೊಟ್ಟಿಯ ತುಣುಕು ಕೊಟ್ಟು, ಆಮೇಲೆ ಒಂದೇ ಪಾತ್ರೆಯಿಂದ ಎಲ್ಲರಿಗೂ ಒಂದೊಂದು ಗುಟುಕು ದ್ರಾಕ್ಷಾರಸ. ಗಂಡಸರು ಮೊದಲು, ಹೆಂಗಸರು ಆಮೇಲೆ.

ದ್ರಾಕ್ಷಾರಸ ಎಂಬ ಶಬ್ದವನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಬೆಟಗೇರಿಯಲ್ಲಿ ಹಾಗೆಂದರೆ ನನ್ನ ತಾಯಿ ಒಣದ್ರಾಕ್ಷಿ ಕುದಿಸಿ ಸೋಸಿ ಕೊಡುತ್ತಿದ್ದ ಸಿಹಿನೀರು. ಮಕ್ಕಳು ತಳದ ಗಸಿಗೆ ಜಗಳವಾಡುತ್ತಿದ್ದೆವು. ವಾಸ್ಕೋದ ಮೊದಲ ಭೋಜನದ ದಿನ ಇವರು ಗಂಡಸರ ಸಾಲಿನಲ್ಲಿ ಮುಂದೆ ಹೋದರು, ರೊಟ್ಟಿ ತಗೊಂಡರು, ಪಾತ್ರೆಯ ಮೇಲೆ ಬಗ್ಗಿದವರು ಹಾಗೇ ಹಿಂದೆ ಸರಿದರು. ನನಗೆ ಅರ್ಥವಾಗಲಿಲ್ಲ. ನನ್ನ ಸರದಿ ಬಂದು ಗುಟುಕು ಗಂಟಲಿಗಿಳಿದಾಗ ಬಿಸಿ ತಾಗಿತು. ಅಂಗಡಿಯ ವೈನು. ಗೋವಾದಲ್ಲಿ ಎಲ್ಲ ಕಡೆಯೂ ಸಿಗುತ್ತದೆ, ಒಣದ್ರಾಕ್ಷಿ ಕುದಿಸುತ್ತ ಕೂರುವುದು ಯಾಕೆಂದು ತರುತ್ತಿದ್ದರು. ಅದಕ್ಕೂ ಶಬ್ದ ಅದೇ, ದ್ರಾಕ್ಷಾರಸ.

ನಮ್ಮ ಜನರಲ್ಲಿ ಭೋಜನದಿಂದ ಹಿಂದೆ ಸರಿಯುವುದಕ್ಕೆ ಒಂದು ಅರ್ಥವಿದೆ. ಒಳಗೆ ಒಪ್ಪಿಕೊಳ್ಳದ ಪಾಪ ಇರುವವರು, ಯಾರೊಂದಿಗಾದರೂ ಜಗಳವಾಗಿ ರಾಜಿಯಾಗದವರು ಪಾತ್ರೆ ಮುಟ್ಟುವುದಿಲ್ಲ. ಇವರು ಮುಂದಿನ ತಿಂಗಳೂ ಸರಿದರು. ಆಮೇಲೆ ಸಾಲಿಗೇ ಹೋಗದೆ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತರು. ಪಿಸುಮಾತು ಶುರುವಾಯಿತು. ಒಂದು ಸಂಜೆ ಸಭೆಯ ಹಿರಿಯರಾದ ದಾನಪ್ಪನವರು ಕೊಡೆ ಊರಿಕೊಂಡು ನಮ್ಮ ಏರು ಹತ್ತಿ ಬಂದರು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು, ಒಳ್ಳೆಯವರು. ಚಹಾ ಕುಡಿದು ಕಪ್ಪು ಕೆಳಗಿಟ್ಟು ನೇರ ವಿಷಯಕ್ಕೆ ಬಂದರು.

"ಗಂಡ ಹೆಂಡತಿ ಅಂದ ಮ್ಯಾಲ ಮಾತು ಬರ್ತಾವು, ಹೋಗ್ತಾವು. ತಂಗೀ, ನೀ ಏನರ ಅಂದೀಯೇನು ಪ್ರಭಾಕರಗ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಇವರ ಕಡೆ ತಿರುಗಿದರು. "ಹಂಗಾರ ನೀವ ಏನೋ ಅಂದೀರಿ. ಇರ್ಲಿ, ನನಗ ಹೇಳಬ್ಯಾಡ್ರಿ. ಕೈ ಕೊಡ್ರಿ ಇಬ್ಬರೂ."

ಇಬ್ಬರ ಕೈಗಳನ್ನು ತಮ್ಮ ಎರಡು ಕೈಯಲ್ಲಿ ಜೋಡಿಸಿ ಹಿಡಿದು ಬಹಳ ಹೊತ್ತು ಪ್ರಾರ್ಥಿಸಿದರು. ಈ ಮನೆಯಲ್ಲಿ ಮತ್ತೆ ಮಾತು ಹುಟ್ಟಲಿ ಎಂದು ಬೇಡಿಕೊಂಡರು. ನಡೆಯದ ಜಗಳಕ್ಕೆ ನಾವಿಬ್ಬರೂ ಆಮೆನ್ ಅಂದೆವು. ಅವರು ಮೆಟ್ಟಿಲು ಇಳಿದು ಹೋದ ಮೇಲೆ ಇವರು, "ಆತಲ್ಲ, ರಾಜಿ ಆದ್ವಿ" ಅಂದರು. ನನಗೆ ನಗು ಬಂತು, ಅವರಿಗೂ ಬಂತು. ಬಹಳ ದಿನಗಳ ಮೇಲೆ ಬಂದ ನಗು, ನಿಲ್ಲಿಸಲು ಸೆರಗು ಬಾಯಿಗೆ ಒತ್ತಿಕೊಂಡೆ. ಆದರೆ ನಗು ನಿಂತ ಮೇಲೆ ದಾನಪ್ಪನವರ ಪ್ರಾರ್ಥನೆಯೊಂದೇ ಕೋಣೆಯಲ್ಲಿ ಉಳಿಯಿತು. ಮಾತು ಹುಟ್ಟಲಿ ಎಂದಿದ್ದರಲ್ಲ, ಅಷ್ಟರ ಮಟ್ಟಿಗೆ ಅವರ ಊಹೆ ತಪ್ಪಿರಲಿಲ್ಲ.

ಆಮೇಲೆ ಗೋಡಂಬಿಯ ಕಾಲ ಬಂತು. ಬಿಸಿಲು ಏರಿದಂತೆ ಗುಡ್ಡದ ಇಳಿಜಾರಿನಲ್ಲಿ ಹಣ್ಣು ಬಿದ್ದು ಕೊಳೆಯತೊಡಗಿದವು. ಕೊರ್ತಾಲಿಮ್ ಕಡೆಯ ಹಳ್ಳಿಯಲ್ಲಿ ಫಿಲೂಬಾಯಿಯ ತಮ್ಮನ ಸಾರಾಯಿ ಭಟ್ಟಿ ಇತ್ತು. ಅವನು ಹೊಸದಾಗಿ ಇಳಿಸಿದ ಉರಾಕನ್ನು, ಗೋಡಂಬಿ ಹಣ್ಣಿನ ಮೊದಲ ಇಳಿಕೆಯ ಸಾರಾಯಿಯನ್ನು, ಕ್ಯಾನುಗಳಲ್ಲಿ ತುಂಬಿ ತಂದು ಅಕ್ಕನ ಜಗಲಿಯಲ್ಲಿ ಸಾಲಾಗಿ ಇಡುತ್ತಿದ್ದ. ಗಿರಾಕಿಗಳು ಅಲ್ಲಿಂದಲೇ ಒಯ್ಯುತ್ತಿದ್ದರು. ಅವರ ಜಗಲಿಗೂ ನಮ್ಮ ಬಾಗಿಲಿಗೂ ನಡುವೆ ಬರೀ ಒಂದು ಸೊಂಟದೆತ್ತರದ ಗೋಡೆ. ವಾಸನೆ ಚಾದರಕ್ಕೆ, ತಲೆದಿಂಬಿಗೆ, ಒಣಹಾಕಿದ ಬಟ್ಟೆಗೆ ಹತ್ತಿತು. ಊರಿಗೆ ಊರೇ ಬಾಯಿ ತೆರೆದು ಉಸಿರು ಬಿಟ್ಟ ಹಾಗೆ ಇತ್ತು. ಇವರು ಕುರ್ಚಿಯನ್ನು ಹಿತ್ತಿಲ ಬಾಗಿಲಿಗೆ ಒಯ್ದರು. ಅಲ್ಲಿಗೂ ವಾಸನೆ ಬಂತು. ನಾನು ಫಿಲೂಬಾಯಿಯ ಹತ್ತಿರ ಹೋಗಿ, ನನಗೆ ಆ ವಾಸನೆಗೆ ತಲೆನೋಯುತ್ತದೆ, ಕ್ಯಾನು ಹಿಂದುಗಡೆ ಇಡಿಸುತ್ತೀರಾ ಎಂದು ಕೇಳಿದೆ. "ಕಿತೆಂ ಗೊ ಬಾಯ್", ಏನಮ್ಮಾ ಇದು, ಎಂದು ಶುರುಮಾಡಿ, ಉರಾಕಿನ ವಾಸನೆಗೆ ತಲೆನೋವು ಹೋಗುತ್ತದೆ, ಬರುವುದಿಲ್ಲ, ನಿನ್ನದು ಏನೋ ಬೇರೆ ರೋಗ ಎಂದರು. ಮರುದಿನ ಕ್ಯಾನುಗಳೇನೋ ಹಿಂದಕ್ಕೆ ಹೋದವು. ಆದರೆ ಅವರು ನನ್ನ ಜೊತೆ ಮಾತು ಕಡಿಮೆ ಮಾಡಿದರು.

ಒಂದು ಸಂಜೆ ಇವರು ಬರುವ ಹೊತ್ತು ಮೀರಿತು. ದೀಪ ಹಚ್ಚಿದೆ, ಕಿಟಕಿಯ ಅಂಚನ್ನು ಎರಡನೆಯ ಸಲ ಒರೆಸಿದೆ. ಬಂದರು, ಶರ್ಟು ಬೆವರಿನಿಂದ ಬೆನ್ನಿಗೆ ಅಂಟಿತ್ತು. ಹುಬ್ಬಳ್ಳಿಯ ಚಾಳಿಯಂತೆ ನನ್ನ ಮೂಗು ಮುಂದಾಯಿತು. ಆದರೆ ಆ ಕಾಲದಲ್ಲಿ ಮೂಗು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ, ಎಲ್ಲವೂ ಅದೇ ವಾಸನೆ. ಅವರ ಮುಖವನ್ನೇ ನೋಡಬೇಕಾಯಿತು. ಬಹುಶಃ ಅಲ್ಲಿಗೆ ಹೋದ ಮೇಲೆ ಮೊದಲ ಸಲ ಸರಿಯಾಗಿ ನೋಡಿದೆ. ಮೆಟ್ಟಿಲ ದಾರಿಯ ತಿರುವಿನಲ್ಲಿ ಯಾರೋ ಹೊಸದಾಗಿ ಉರಾಕಿನ ಅಂಗಡಿ ಇಟ್ಟಿದ್ದಾರೆ, ಅದರ ಮುಂದೆ ನಿಂತುಬಿಟ್ಟೆ, ಕಾಲು ಎತ್ತಲಿಕ್ಕೆ ಆಗಲಿಲ್ಲ ಎಂದರು. ಆಮೇಲೆ ಹೇಗೆ ಬಂದಿರಿ ಎಂದು ಕೇಳಿದೆ.

"ಇವತ್ತು, ಇವತ್ತು ಅಂತ ಅಂದ್ಕೊಂತ ನಿಂತೆ. ಕತ್ತಲಾತು. ಅಂಗಡಿಯವ, ಏನು ಬೇಕ್ರಿ, ಎಷ್ಟೊತ್ತು ನಿಂದ್ರತೀರಿ ಅಂದ. ನಾಚಿಕಿ ಬಂತು, ಬಂದೆ." ಶರ್ಟಿನ ಗುಂಡಿ ಬಿಚ್ಚುತ್ತ ಹೇಳಿದರು, "ಪಾತ್ರಿ ಮುಟ್ಟಲಾರದ ಸಭಾದಾಗ ಕುಂದ್ರೂದು ಕಷ್ಟ ಆಗೇತಿ. ಅಲ್ಲಿ ಕುಂದ್ರಲಾರದ ದಿನ, ಆ ಅಂಗಡಿ ಮುಂದ ನಿಂದ್ರತೇನಿ."

ಆಗ ನನಗೆ ನಿಜವಾಗಿ ಹೆದರಿಕೆ ಹುಟ್ಟಿತು. ಇವರು ಸಭೆ ಬಿಟ್ಟರೆ ಉಳಿಯುವುದಿಲ್ಲ ಎಂದು ಖಚಿತವಾಗಿ ಅನಿಸಿತು. ಫಿಲೂಬಾಯಿಯ ಚರ್ಚಿನಲ್ಲಿ ಜನರಿಗೆ ರೊಟ್ಟಿ ಮಾತ್ರ ಕೊಡುತ್ತಾರೆ, ಪಾತ್ರೆ ಪಾದ್ರಿಗಳಿಗಷ್ಟೇ. ಕಾನ್ವೆಂಟಿನ ಚಾಪೆಲಿನಲ್ಲಿ ಹಿಂದಿನ ಬೆಂಚಿನಿಂದ ಎಷ್ಟೋ ಸಲ ನೋಡಿದ್ದೆ. ಅಲ್ಲಿಗೇ ಹೋಗೋಣವೇ ಎಂದು ಯೋಚಿಸಿದ್ದೂ ಉಂಟು. ಕೊನೆಗೆ ಅಯ್ಯನವರ ಮನೆಗೆ ಹೋದೆ. ಕೊಟ್ಟ ಮಾತು ಮುರಿಯಲಿಲ್ಲ. ನಮ್ಮ ಕಡೆ ಭೋಜನಕ್ಕೆ ಒಣದ್ರಾಕ್ಷಿಯ ರಸ ಮನೆಯಲ್ಲೇ ಮಾಡುತ್ತಾರೆ, ಈ ಈಸ್ಟರಿಗೆ ನಾನು ಮಾಡಿ ತರುತ್ತೇನೆ, ಅಂಗಡಿಯದು ಬೇಡ ಎಂದಷ್ಟೇ ಹೇಳಿದೆ. ಅಯ್ಯನವರು ಕಾರಣ ಕೇಳದೆ, ಮಾಡಿ ತರಲು ಒಪ್ಪಿದರು.

ಗುಡ್ ಫ್ರೈಡೇಗೆ ದಿನವಿಡೀ ಆರಾಧನೆ, ಶನಿವಾರ ಹಾಲ್ ತೊಳೆಯುವ ಕೆಲಸ. ಆದ್ದರಿಂದ ಗುರುವಾರವೇ ಮಾಡಿದೆ. ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಹಿಸುಕಿ, ಮಲ್‌ಬಟ್ಟೆಯಲ್ಲಿ ಸೋಸಿ, ಸಕ್ಕರೆ ಬೆರೆಸಿ ಭರಣಿಗೆ ತುಂಬಿದೆ. ತಾಯಿ ಮಾಡುತ್ತಿದ್ದ ಹಾಗೆಯೇ, ತಾಯಿ ಇಡುತ್ತಿದ್ದ ಹಾಗೆಯೇ. ಬೆಟಗೇರಿಯ ಒಣಹವೆಯಲ್ಲಿ, ದಪ್ಪ ಗೋಡೆಯ ಕೋಣೆಯಲ್ಲಿ ಅದು ಎಷ್ಟೋ ದಿನ ಸಿಹಿಯಾಗಿಯೇ ಇರುತ್ತಿತ್ತು. ಗೋವಾದ ಸೆಕೆ ನನ್ನ ಬೆನ್ನಿಗೆ ಗೊತ್ತಿತ್ತು, ಆದರೆ ಭರಣಿಗೂ ಅದೇ ಸೆಕೆ ಎಂದು ತಲೆಗೆ ಬರಲಿಲ್ಲ. ಸಂಜೆ ಇವರು ಭರಣಿಯ ಮುಂದೆ ನಿಂತು ಆ ಕೆಂಪು ಬಣ್ಣವನ್ನು ದೀಪಕ್ಕೆ ಹಿಡಿದ ಹಾಗೆ ನೋಡಿ, "ನಮ್ಮ ಕಡೀದು" ಅಂದರು.

ಈಸ್ಟರ್ ದಿನ ಹಾಲ್ ಜನರಿಂದ ತುಂಬಿತ್ತು. ಕರೆಂಟು ಹೋಗಿ ಫ್ಯಾನುಗಳು ನಿಂತಿದ್ದವು. ಹೆಂಗಸರು ಹಾಡಿನ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಭೋಜನದ ಸಮಯಕ್ಕೆ ಗಂಡಸರು ಎದ್ದಾಗ ಇವರೂ ಎದ್ದರು. ಪಕ್ಕದಲ್ಲಿದ್ದ ದಾನಪ್ಪನವರ ಹೆಂಡತಿ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದರು, ರಾಜಿಯಾಯಿತಲ್ಲ ಎನ್ನುವ ಹಾಗೆ. ಮೊದಲು ದಾನಪ್ಪನವರು ಕುಡಿದರು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಅವರ ಹಿಂದಿನವರು ಕುಡಿದರು. ಇವರ ಸರದಿ ಬಂತು. ಇಸ್ತ್ರಿಯ ಗೆರೆ ಬೆನ್ನಮೇಲೆ ನೇರವಾಗಿ ಕಾಣುತ್ತಿತ್ತು, ನಾನೇ ಹಾಕಿದ ಗೆರೆ. ರೊಟ್ಟಿ ತಗೊಂಡರು. ಪಾತ್ರೆಗೆ ತಾವಾಗಿಯೇ ಎರಡು ಕೈ ಚಾಚಿದರು, ಎತ್ತಿದರು, ಬಾಯಿಯ ಹತ್ತಿರ ತಂದರು. ಅಲ್ಲಿಗೆ ಪಾತ್ರೆ ನಿಂತುಬಿಟ್ಟಿತು.

ಇಡೀ ಊರು ಹಿಡಿದಿದ್ದ ವಾಸನೆಯಲ್ಲಿ ನನ್ನ ಮೂಗಿಗೆ ತಿಳಿಯದ್ದು ಅವರ ಮೂಗಿಗೆ ಆ ಒಂದು ಕ್ಷಣದಲ್ಲಿ ತಿಳಿದಿತ್ತು. ಭರಣಿಯ ಬಾಯಲ್ಲಿ ಉಬ್ಬಿದ್ದ ಬಟ್ಟೆಯ ಟೊಪ್ಪಿಗೆ ನನಗೆ ಆಗ ನೆನಪಾಯಿತು, ಸೆಕೆಗೆ ರಸ ಹುದುಗೆದ್ದಿತ್ತು.

"ಅಯ್ಯನವರ, ಇದು ಹುಳಿ ಬಂದೈತ್ರಿ."

ಅಯ್ಯನವರು ತಗ್ಗಿದ ದನಿಯಲ್ಲಿ, "ಇರ್ಲಿ ಪ್ರಭಾಕರ, ತುಟಿಗಿ ಮುಟ್ಟಿಸ್ರಿ, ಸಾಕು" ಅಂದರು.

"ತುಟಿಗಿ ಮುಟ್ಟಿದ್ರ ನನಗ ಸಾಕಾಗೂದಿಲ್ರಿ."

ಫ್ಯಾನು ಇಲ್ಲದ್ದರಿಂದ ಅದು ಕೊನೆಯ ಬೆಂಚಿಗೂ ಕೇಳಿಸಿತು. ಇವರು ಪಾತ್ರೆಯನ್ನು ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ, ಒಂದು ಹನಿ ಚೆಲ್ಲದ ಹಾಗೆ ಇಟ್ಟರು. ಹಾಗೆಯೇ ತಿರುಗಿ ಹೊರಗೆ ನಡೆದುಬಿಡುತ್ತಾರೆ ಅಂದುಕೊಂಡೆ. ಹೊರಗೆ ನಡೆದರೆ ಎಲ್ಲಿಗೆ ಹೋಗುತ್ತಾರೆಂದು ನನಗೆ ಗೊತ್ತಿತ್ತು. ಆದರೆ ಅವರು ಜನರ ಕಡೆಗೇ ತಿರುಗಿದರು.

"ನಾ ಕುಡುಕ ಅದೇನ್ರಿ. ಹುಬ್ಬಳ್ಳ್ಯಾಗ ಎಲ್ಲಾರಿಗೂ ಗೊತ್ತೈತಿ, ಇಲ್ಲೆ ಹೇಳಿರಲಿಲ್ಲ. ನಾವಿಬ್ಬರು ಜಗಳಾಡಿಲ್ರಿ. ಆಕೀದೇನೂ ತಪ್ಪಿಲ್ಲ. ಇವತ್ತು ಕುಡಿದಿಲ್ಲ. ಕುಡಿಯಬಾರದು ಅಂತ ಈ ಪಾತ್ರಿ ಬಿಟ್ಟೇನಿ, ಕರ್ತನ್ನ ಬಿಟ್ಟಿಲ್ಲ."

ಕುಡುಕ ಇದ್ದೆ ಅನ್ನಲಿಲ್ಲ, ಅದೇನಿ, ಅಂದರೆ ಈಗಲೂ ಇದ್ದೇನೆ, ಅಂದರು. ಆ ವ್ಯತ್ಯಾಸ ಎಷ್ಟು ಜನರಿಗೆ ಕೇಳಿಸಿತೋ ಕಾಣೆ, ನನ್ನ ಕಿವಿಯಲ್ಲಿ ಅದೇ ನಿಂತಿತು.

ಅಯ್ಯನವರು ಪಾತ್ರೆಯ ಮೇಲೆ ಬಿಳಿ ಬಟ್ಟೆ ಮುಚ್ಚಿ ಪಕ್ಕಕ್ಕೆ ಸರಿಸಿದರು. ಇವತ್ತು ಎಲ್ಲರಿಗೂ ರೊಟ್ಟಿಯೇ ಸಾಕು ಎಂದರು. ನಾನು ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿಟ್ಟ ಪಾವೇ ಅದು. ಸಾಲು ಮುಂದುವರಿಯಿತು. ಉಳಿದ ಗಂಡಸರು, ಆಮೇಲೆ ಹೆಂಗಸರೆಲ್ಲ ರೊಟ್ಟಿಯನ್ನಷ್ಟೇ ತಗೊಂಡು ಹಿಂದಿರುಗಿದರು.

ಆರಾಧನೆ ಮುಗಿದ ಮೇಲೆ ದಾನಪ್ಪನವರು ಬಂದು ಇವರ ಭುಜ ಹಿಡಿದು, "ಎಲಾ ಇವನ, ಕೊಡಿ ಊರಿಕೊಂಡು ಗುಡ್ಡಾ ಹತ್ತಿ ಬಂದು ಸುಳ್ಳ ರಾಜಿ ಮಾಡಿಸಿದ್ನಲ್ಲೋ" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಇನ್ನು ಕೆಲವರು ನಮ್ಮನ್ನು ದಾಟಿ ಚಪ್ಪಲಿ ಹುಡುಕಿಕೊಂಡರು. ಹೆಂಗಸರಲ್ಲಿ ಒಬ್ಬರು ಇವರ ಹತ್ತಿರ ನಿಂತು ಮಾತಾಡಿಸುವಾಗ ಸ್ವಲ್ಪ ಬಗ್ಗಿದ್ದನ್ನು ನಾನು ಕಂಡೆ. ಇಲ್ಲಿಯೂ ಶುರುವಾಯಿತು ಅಂದುಕೊಂಡೆ. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಮನೆಯ ಹೆಂಚು ಯಾರೋ ತೆಗೆದ ಹಾಗಿತ್ತು. ಬೆಳಕೂ ಬಂತು, ಬಿಸಿಲೂ ಬಂತು. ದಾರಿಯಲ್ಲಿ ಇವರು ಮುಂದೆ, ನಾನು ಹಿಂದೆ, ನನ್ನ ಚೀಲದಲ್ಲಿ ಉಳಿದ ರಸದ ಭರಣಿ ಸಣ್ಣಗೆ ಗುಳುಗುಳು ಎನ್ನುತ್ತಿತ್ತು. ಪೇಟೆಯ ದಾರಿಯಲ್ಲೇ ಹೋದೆವು. ಬಾರುಗಳ ಮುಂದೆ ಇವರ ನಡಿಗೆ ಅವಸರವಾಗಲಿಲ್ಲ, ನಿಧಾನವೂ ಆಗಲಿಲ್ಲ.

ಮನೆಗೆ ಬಂದು ಭರಣಿಯನ್ನು ಹಿತ್ತಿಲ ಬಾಳೆಗಿಡದ ಬುಡಕ್ಕೆ ಸುರಿಯಲು ಹೊರಟಾಗ ಫಿಲೂಬಾಯಿ ಗೋಡೆಯ ಮೇಲಿಂದ ಬಗ್ಗಿ ಮೂಸಿ, ಚೆಲ್ಲಬೇಡ, ಮೀನಿಗೆ ಹಾಕಲು ವಿನೆಗರ್ ಮಾಡುತ್ತೇನೆ ಎಂದು ಕೇಳಿ ಪಡೆದರು. ನಿನ್ನ ಕೈಗುಣ ಒಳ್ಳೆಯದು ಎಂದೂ ಹೇಳಿದರು. ಕ್ಯಾನಿನ ಕೋಪ ಅಲ್ಲಿಗೆ ಇಳಿಯಿತು. ಇವರು ಒಳಗೆ ಬಿಸಿಲು ಇಳಿಯುವವರೆಗೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಮಾಡಿರಲಿಲ್ಲ, ಬೆನ್ನು ನೋಡಿದರೆ ತಿಳಿಯುತ್ತದೆ. ನಾಳೆ ಸಭೆಯವರ ಮುಖ ಹೇಗೆ ನೋಡುತ್ತೀರಿ ಎಂಬ ಮಾತು ನಾಲಗೆಗೆ ಬಂದದ್ದನ್ನು ನುಂಗಿದೆ. ಆ ಮನೆಯಲ್ಲಿ ನಾಳೆ ಎಂಬ ಶಬ್ದ ನಡೆಯುತ್ತಿರಲಿಲ್ಲ.

ಸಂಜೆ ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕೆಳಗೆ ಬಂದರಿನಾಚೆ ಹಡಗುಗಳು ದೀಪ ಹಚ್ಚಿದ್ದವು. ಮನೆಯೊಳಗಿಂದ ಮೊದಲು ಕೆಮ್ಮಿದ ಸದ್ದು, ಆಮೇಲೆ ದನಿ. ಇವರು ಹಾಡುತ್ತಿದ್ದರು. ಬೆಟಗೇರಿಯಲ್ಲಿ ಈಸ್ಟರ್ ಸಂಜೆ ಹಾಡುವ ಕೀರ್ತನೆ. ಮೊದಲ ಸಾಲು ಒಡೆಯಿತು, ಎರಡನೆಯದು ತುಕ್ಕು ಹಿಡಿದ ಕೀಲಿನ ಹಾಗೆ ತಿರುಗಿತು, ಚರಣಕ್ಕೆ ಬರುವಷ್ಟರಲ್ಲಿ ದಾರಿ ಸಿಕ್ಕಿತು. ಆ ಕಂಠವನ್ನು ಸಾರಾಯಿಯ ವಾಸನೆಯಿಲ್ಲದೆ ನಾನು ಕೇಳಿದ್ದು ಮದುವೆಯ ಮೊದಲ ವರ್ಷಗಳಲ್ಲಿ. ಕೈಯಲ್ಲಿದ್ದ ಟವೆಲ್ಲನ್ನು ಮತ್ತೆ ತಂತಿಗೇ ಹಾಕಿ ನಿಂತುಬಿಟ್ಟೆ. ಕಣ್ಣು ತುಂಬಿತ್ತು. ಯಾರಿಗಾದರೂ ಹೇಳಬೇಕು, ಈಗಲೇ, ಈ ನಿಮಿಷದಲ್ಲಿ ಹೇಳಬೇಕು ಅನಿಸಿ ಸುತ್ತ ನೋಡಿದೆ. ಗೋಡೆಯಾಚೆ ನೀಲವ್ವ ತನ್ನ ಬಟ್ಟೆ ಮಡಚುತ್ತಿದ್ದಳು. ಅವಳೂ ಕಿವಿಗೊಟ್ಟಿದ್ದಳು. ನನ್ನ ಮುಖ ನೋಡಿ, ಹಲ್ಲಿನಲ್ಲಿ ಕಚ್ಚಿದ್ದ ಬಟ್ಟೆಯ ಚಿಮಟಿ ತೆಗೆದು, ಸಮಾಧಾನ ಮಾಡುವವಳ ಹಾಗೆ ಅಂದಳು:

"ಹಬ್ಬ ಅಲ್ರೀ, ಇವತ್ತೊಂದಿನ ಕುಡೀಲಿ ಬಿಡ್ರಿ ಅಕ್ಕಾರ. ನಮ್ಮವ್ರು ಕುಡಿದ್ರ ಬೈತಾರ, ನಿಮ್ಮವ್ರು ದೇವರ ಹಾಡು ಹಾಡ್ತಾರ. ಪುಣ್ಯಾ ಮಾಡೀರಿ."